ತಾತ ರೇಡಿಯೋದಿಂದ ಟೇಪ್ ಮಾಡಿದ ಕ್ಯಾಸೆಟ್‌ಗಳಲ್ಲಿ ಮಾತು, ಕರಕರ ಎಲ್ಲ ತೆಗೆದು ಹಾಡು ಮಾತ್ರ ಉಳಿಸ್ಕೊಳ್ಳೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು?

ತೆಗೀಬೇಡಿ. ಸಾಫ್ಟ್‌ವೇರ್ ಹೆಸರು ನಂಗೆ ಗೊತ್ತು, ಆದ್ರೆ ಆ ಕೆಲಸಕ್ಕೆ ಹೇಳಲ್ಲ.

ಹಾಸನದಲ್ಲಿ ಅರವತ್ತು ಕ್ಯಾಸೆಟ್ ಇದಾವೆ, ಹಾಡು ಪೆನ್‌ಡ್ರೈವಿಗೆ ಹಾಕ್ಕೊಂಡು ಕ್ಯಾಸೆಟ್ ಗುಜರಿಗೆ ಕೊಡ್ತೀನಿ, ಆಮೇಲೆ ಭದ್ರಾವತಿ ಆಕಾಶವಾಣಿ ಹೆಂಗೆಲ್ಲ ಬದಲಾಯ್ತು ಅಂತ ಒಂದು ಲೇಖನ ಬರೀತೀನಿ ಅಂದಿದೀರ. ಇದನ್ನೇ ನಾನೂ ಮಾಡಿದ್ದು ಕಣ್ರೀ, 2011ರಲ್ಲಿ, ಲೇಖನ ಒಂದು ಬಿಟ್ಟು.

ನಮ್ಮಪ್ಪ ಆಲ್ದೂರಿನ ಹತ್ರ ಒಂದು ಕಾಫಿ ಎಸ್ಟೇಟಲ್ಲಿ ರೈಟರ್. ಲೆಕ್ಕ ಬರೆಯೋ ಚಾಳಿ ಮನೇಲೂ ಇತ್ತು, ಕ್ಯಾಸೆಟ್ಟಿಗೆಲ್ಲ ನಂಬರ್ ಹಾಕಿ ಒಂದು ಉದ್ದದ ಬುಕ್ಕಲ್ಲಿ ತಾರೀಖು, ಹಾಡು, ಯಾವ ಸ್ಟೇಷನ್ ಅಂತ ಬರೆದಿಡೋರು. ನೂರಾ ಹತ್ತು ಚಿಲ್ರೆ ಕ್ಯಾಸೆಟ್. ಮೊದಮೊದಲು ಟೇಪ್ ರೆಕಾರ್ಡರನ್ನ ವಾಲ್ವ್ ರೇಡಿಯೋ ಮುಂದೆ ಇಟ್ಟು, "ಯಾರೂ ಮಾತಾಡ್ಬೇಡ್ರೋ" ಅಂತ ಕೂಗಿ ಗುಂಡಿ ಒತ್ತೋರು. ಆ ಕೂಗೂ ಟೇಪಲ್ಲಿ ಇರೋದು. ಆಮೇಲೆ ರೇಡಿಯೋ, ಟೇಪ್ ಎರಡೂ ಒಂದರಲ್ಲೇ ಇರೋ ಟೂ ಇನ್ ಒನ್ ಬಂತು, ಕೂಗೋದು ನಿಂತೋಯ್ತು.

ನಮ್ಮ ಕಡೆ ರೇಡಿಯೋ ಅಂದ್ರೆ ಭದ್ರಾವತಿ, ಮೀಡಿಯಂ ವೇವಲ್ಲಿ 675 ಕಿಲೋಹರ್ಟ್ಸ್. ಬೆಂಗಳೂರು 612ರಲ್ಲಿ ಹಗಲು ಅಷ್ಟಕ್ಕಷ್ಟೆ, ರಾತ್ರಿ ಆದ್ರೆ ಅದೂ ಬರೋದು, ಜೊತೆಗೆ ತಮಿಳು, ಮಲಯಾಳಂ, ಸಿಂಹಳ ಎಲ್ಲ ಒಂದರ ಮೇಲೊಂದು ಬರೋವು, ಮೀಡಿಯಂ ವೇವ್ ರಾತ್ರಿ ಹೊತ್ತು ಆಕಾಶಕ್ಕೆ ಬಡಿದು ವಾಪಸ್ ಬರುತ್ತಲ್ಲ ಹಂಗೆ. ಹಾಸನದ 102.2 ಎಫ್ಎಂ ಬಂದ ಮೇಲೆ ಪೇಟೆಯೋರು ಅದಕ್ಕೆ ಹೋದ್ರು. ಎಫ್ಎಂ ನೇರ ದಾರಿ ಹುಡುಕೋದು, ನಾವಿದ್ದ ಕಣಿವೆಗೆ ಗುಡ್ಡ ಅಡ್ಡ, ನಾವು 675ರಲ್ಲೇ ಉಳಿದ್ವಿ.

ಈಗ ತಪ್ಪಿನ ವಿಷ್ಯ. ಅಮ್ಮ ಹೋಗಿ ಅಪ್ಪನೂ ಹೋದ ಮೇಲೆ ಕ್ಯಾಸೆಟ್ ಪೆಟ್ಟಿಗೆ ಚಿಕ್ಕಮಗಳೂರಿನ ನಮ್ಮ ಮನೆಗೆ ಬಂತು. ಮಲೆನಾಡಿನ ಮಳೆಗೆ ಅರ್ಧಕ್ಕೆ ಬೂಷ್ಟು ಹಿಡಿದಿತ್ತು. ಮೂರು ತಿಂಗಳು ರಾತ್ರಿ ಕೂತು ಎಲ್ಲ ಕಂಪ್ಯೂಟರಿಗೆ ಹಾಕ್ದೆ. ಅಡಾಸಿಟಿ ಅನ್ನೋ ಸಾಫ್ಟ್‌ವೇರ್, ಅದರಲ್ಲಿ ಕರಕರ ತೆಗೆಯೋ ನಾಯ್ಸ್ ರಿಡಕ್ಷನ್, ಮಾತು ಬಂದಲ್ಲೆಲ್ಲ ಸೆಲೆಕ್ಟ್ ಮಾಡು, ಡಿಲೀಟ್. "ಇದು ಆಕಾಶವಾಣಿ, ಭದ್ರಾವತಿ", ಡಿಲೀಟ್. ಅಡಿಕೆಗೆ ಕೊಳೆರೋಗ ಬಂದ್ರೆ ಬೋರ್ಡೋ ಹೊಡೀರಿ ಅನ್ನೋ ರೈತರ ಕಾರ್ಯಕ್ರಮದ ಬಾಲ, ಡಿಲೀಟ್. ಉಳಿದಿದ್ದನ್ನ ಎಂಪಿ3 ಮಾಡಿ ಅದೇ ಹೆಸರಲ್ಲಿ ಸೇವ್. ಕಟ್ ಮಾಡಿದ್ದು ತಪ್ಪಲ್ಲ, ಬೇಕಾದ್ರೆ ಮಾಡ್ಕಳಿ, ಆದ್ರೆ ನಾನು ಪೂರ್ತಿ ಫೈಲನ್ನ ಒಂದ್ಕಡೆ ಇಡಲಿಲ್ಲ, ಡಿಸ್ಕಲ್ಲಿ ಜಾಗ ಇಲ್ಲ ಅಂತ. ಜಾಗ ಇಲ್ದೆ ಇದ್ರೆ ಒಂದು ಹಾರ್ಡ್ ಡಿಸ್ಕ್ ತರಬೇಕಿತ್ತು, ತರಲಿಲ್ಲ, ದುಡ್ಡು ಇರಲಿಲ್ಲ ಅಂತಲ್ಲ, ಆಲಸ್ಯ. ಸರಿ, ಕ್ಯಾಸೆಟ್ಟಾದ್ರೂ ಇಟ್ಕೊಂಡಿದ್ರೆ ಇನ್ನೊಂದ್ಸಲ ಹಾಕ್ಬೋದಿತ್ತು. ಕೆಲಸ ಮುಗಿದ ವಾರವೇ ಗುಜರಿಯೋನು ಬಂದ, ಕೊಟ್ಬಿಟ್ಟೆ. ಬುಕ್ಕೂ ಕೊಟ್ಟೆ. ಬುಕ್ಕು ಯಾಕೆ ಕೊಟ್ಟೆ ಅಂತ ಇವತ್ತಿಗೂ ಗೊತ್ತಿಲ್ಲ, ಅದಕ್ಕೆ ಅವನೇನು ಜಾಸ್ತಿ ಕೊಡಲಿಲ್ಲ.

ಐದು ವರ್ಷ ಆದ ಮೇಲೆ ಚಿಕ್ಕಮ್ಮ ಬಂದಿದ್ರು. ಪಾಯಸ ಬಡಿಸ್ತಾ ಇದ್ದಾಗ, "ನಿಮ್ಮಮ್ಮನ ಹೆಸರು ಭದ್ರಾವತಿ ರೇಡಿಯೋದಲ್ಲಿ ಬಂದಿತ್ತಲ್ಲೋ, ನಿಮ್ಮಪ್ಪ ಟೇಪ್ ಮಾಡಿದ್ರು, ಅದನ್ನ ಹಾಕೋ ಒಂದ್ಸಲ" ಅಂದ್ರು. ಅಮ್ಮ 15 ಪೈಸೆ ಕಾರ್ಡಲ್ಲಿ ಕೋರಿಕೆ ಬರೆದಿದ್ರಂತೆ, ಅಪ್ಪಂಗೆ ಹೇಳ್ದೆ. ಹಾಡು ಹಾಕೋಕೆ ಮುಂಚೆ ಹೆಸರುಗಳ ಪಟ್ಟಿ ಓದೋರಲ್ಲ, ತರೀಕೆರೆಯಿಂದ ಇಂಥವರು, ಸಕಲೇಶಪುರದಿಂದ ಇಂಥವರು ಮತ್ತು ಮನೆಯವರು ಅಂತ. ನಂಗೆ ಆ ಪಟ್ಟಿ ಕಂಡ್ರೆ ಆಗ್ತಿರಲಿಲ್ಲ, ಎಲ್ಲಕ್ಕಿಂತ ಮೊದಲು ಅದನ್ನೇ ಕತ್ತರಿಸಿದ್ದೆ. ಆ ರಾತ್ರಿ ಎಲ್ಲ ಫೈಲೂ ಕೇಳಿದೆ. ಒಂದು ಹಾಡಿನ ಶುರುನಲ್ಲಿ ಕಟ್ ಸರಿಯಾಗಿ ಬಿದ್ದಿಲ್ಲ, "...ಲ್ದೂರಿನಿಂದ" ಅಂತ ಅರ್ಧ ಸೆಕೆಂಡ್ ಇದೆ, ಆಮೇಲೆ ಹಾಡು. ಹಾಡು ಯೂಟ್ಯೂಬಲ್ಲಿ ಹತ್ತು ಕಡೆ ಸಿಗುತ್ತೆ, ನಮ್ಮದಕ್ಕಿಂತ ಚೆನ್ನಾಗೇ ಇದೆ.

ನಿಮ್ಮ ಲೇಖನದ ವಿಷ್ಯಕ್ಕೂ ಈ ಮಾತೇ ಬೇಕಾಗಿರೋದು. 1935ರಲ್ಲಿ ಮೈಸೂರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಗೋಪಾಲಸ್ವಾಮಿ ಮನೆಯಿಂದ್ಲೇ ರೇಡಿಯೋ ಶುರು ಮಾಡಿದ್ದು, 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ, ಇದನ್ನ ಯಾರಾದ್ರೂ ಬರೀತಾರೆ, ಬರೆದೂ ಇದಾರೆ. ಸ್ಟೇಷನ್ ಬದಲಾಗಿದ್ದು ಹಾಡಿನ ಮಧ್ಯದ ಮಾತಲ್ಲಿ ಕೇಳ್ಸುತ್ತೆ. ನಮ್ಮ ಹಳೇ ಕ್ಯಾಸೆಟ್ಟಲ್ಲಿ ರೇಡಿಯೋ ಲೈಸೆನ್ಸ್ ಫೀಸನ್ನ ಪೋಸ್ಟಾಫೀಸಲ್ಲಿ ಕಟ್ಟಿ ಅಂತ ಹೇಳೋರು, ಜಾಹೀರಾತೇ ಇಲ್ಲ. ವಿವಿಧ ಭಾರತಿಗೆ ಜಾಹೀರಾತು 1967ರಲ್ಲೇ ಬಂದಿತ್ತು, ಭದ್ರಾವತಿಯಂಥ ಸ್ಟೇಷನ್ನಿಗೆ ಎಷ್ಟೋ ವರ್ಷ ಆದ್ಮೇಲೆ. ನಂತರದ ಕ್ಯಾಸೆಟ್ಟಲ್ಲಿ ಸೋಪಿನ ಪುಡಿ, ಪ್ರಾಯೋಜಿತ ಕಾರ್ಯಕ್ರಮ. ಕೊನೆಕೊನೆಗೆ ಕಾಗದ ಓದೋದು ಕಮ್ಮಿಯಾಗಿ ಫೋನ್ ಇನ್, "ಹಲೋ, ಕೇಳಿಸ್ತಾ ಇದೆಯಾ, ರೇಡಿಯೋ ವಾಲ್ಯೂಮ್ ಕಮ್ಮಿ ಮಾಡಿ" ಅಂತ. ಇಷ್ಟು ಹೇಳ್ತಿರೋದು ನೆನಪಿಂದ ಕಣ್ರೀ, ತೋರ್ಸೋಕೆ ಒಂದು ತುಂಡೂ ಇಲ್ಲ.

ತಾರೀಖು ಬರೀದೇ ಇರೋ ಕ್ಯಾಸೆಟ್ ಯಾವಾಗಿನದು ಅಂತ ಕಂಡುಹಿಡಿಯೋದೂ ಮಾತಿಂದ್ಲೇ. ಅನೌನ್ಸರ್ ಹೇಳೋ ನಂಬರ್ ಕೇಳಿಸ್ಕಳಿ, 444.4 ಮೀಟರ್, 675 ಕಿಲೋಹರ್ಟ್ಸ್ ಅಂತ. 612, 675, ಧಾರವಾಡದ 765, ಎಲ್ಲ ಒಂಬತ್ತರ ಮಗ್ಗಿ, ಗಮನಿಸಿದೀರಾ? ಈ ಒಂಬತ್ತರ ಲೆಕ್ಕ 1978ರ ನವೆಂಬರಲ್ಲಿ ಜಾರಿಗೆ ಬಂದಿದ್ದು. ಮೀಡಿಯಂ ವೇವಿಗೆ ಒಂಬತ್ತರಿಂದ ಭಾಗ ಹೋಗದ ಕಿಲೋಹರ್ಟ್ಸ್ ನಂಬರ್ ಏನಾದ್ರೂ ಹೇಳಿದ್ರೆ ಆ ಟೇಪು ಅದಕ್ಕಿಂತ ಹಳೇದಿರ್ಬೋದು, ಜೋಪಾನ.

ಕರಕರನೂ ತೆಗೀಬೇಡಿ. ಎಎಂ ರೇಡಿಯೋದಲ್ಲಿ ಮೊದಲೇ ಮೇಲಿನ ಸ್ವರ ಕಮ್ಮಿ, ನಾಯ್ಸ್ ರಿಡಕ್ಷನ್ ಜೋರಾಗಿ ಹಾಕಿದ್ರೆ ಸ, ಶ ಎಲ್ಲ ಹೋಗಿ ಅನೌನ್ಸರ್ ಹಲ್ಲುಸೆಟ್ ಬಿಚ್ಚಿಟ್ಟು ಓದಿದಂಗೆ ಆಗುತ್ತೆ. ನಮ್ಮಲ್ಲಿ ಹಂಗೇ ಆಗಿದೆ. ಕ್ಯಾಸೆಟ್ ಮೇಲಿನ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡು ಇವತ್ತೇ ಮುರಿದುಬಿಡಿ, ಯಾರೂ ಮೇಲೆ ರೆಕಾರ್ಡ್ ಮಾಡೋಕಾಗಲ್ಲ. ಬೂಷ್ಟು ಇರೋದನ್ನ ಹಂಗೇ ಡೆಕ್ಕಿಗೆ ಹಾಕ್ಬೇಡಿ, ಹೆಡ್ಡಿಗೆ ಹತ್ಕೊಂಡು ಬೇರೆ ಕ್ಯಾಸೆಟ್ಟಿಗೂ ಹರಡುತ್ತೆ. 90 ನಿಮಿಷದ ಕ್ಯಾಸೆಟ್ಟಾದ್ರೆ ಒಂದು ಕಡೆ 45 ನಿಮಿಷ, ಶುರುವಿಂದ ಕೊನೆವರೆಗೆ ಒಂದೇ ವೇವ್ (WAV) ಫೈಲ್, ಖಾಲಿ ಇದ್ರೂ ಓಡ್ಲಿ, ಎರಡು ಕಡೆ ಕಾಪಿ ಇಡಿ. ಪೆನ್‌ಡ್ರೈವಿಗೆ ಹಾಡು ಬೇಕಿದ್ರೆ ಅದರ ಕಾಪಿಯಿಂದ ಕತ್ತರಿಸ್ಕಳಿ.

ತಾತ ಏನಾದ್ರೂ ಬುಕ್ಕಲ್ಲಿ ಬರೆದಿಟ್ಟಿದ್ರೆ ಅದನ್ನ ಮೊದಲು ಹುಡುಕಿ. ಮತ್ತೆ ನಿಮ್ಮ ಕ್ಯಾಸೆಟ್ಟಲ್ಲಿ ಕೋರಿಕೆ ಕಾರ್ಯಕ್ರಮ ಇದ್ದು, ಎಲ್ಲಾದ್ರೂ ಆಲ್ದೂರು ಅಂತ ಕೇಳಿಸಿದ್ರೆ ದಯವಿಟ್ಟು ಇಲ್ಲೇ ಕೆಳಗೆ ಒಂದು ಮಾತು ಬರೀರಿ. ನಿಮ್ಮ ತಾತನೂ ಅದೇ ಸ್ಟೇಷನ್ ಟೇಪ್ ಮಾಡ್ತಿದ್ರಲ್ಲ. ಡೆಕ್ ಬೇಕಿದ್ರೆ ನನ್ನ ಹತ್ರ ಇದೆ, ಬೆಲ್ಟ್ ಹೊಸದು ಹಾಕ್ಸಿದೀನಿ, ಹಾಸನಕ್ಕೆ ನಾನೇ ತಂದುಕೊಡ್ತೀನಿ.