ಅಪ್ಪನ ಪಕ್ಷಪಾತವನ್ನು ಕಿರುಚಿತ್ರದಲ್ಲಿ ತೋರಿಸೋದು ಹೇಗೆ?

ಕೊಡಗಿನ ಒಂದು ಮನೆ, ಅಪ್ಪನಿಗೆ ಕಿರಿಮಗನೇ ಮುದ್ದು, ಅಣ್ಣನಿಗೆ ಹೊಟ್ಟೆಕಿಚ್ಚು. ಇದನ್ನು ಮಾತಿಲ್ಲದೆ ತೋರಿಸೋದು ಹೇಗೆ ಅಂತ ಕೇಳಿದ್ದೀರಿ. ಕೊಡವರ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿಯನ್ನೇ ಇಟ್ಟುಕೊಳ್ಳಿ. ಗದ್ದೆಯಲ್ಲಿ ಗಾಳಿಗೆ ಗುಂಡು ಹಾರಿಸಿ ಭತ್ತದ ಹೊಸ ಕದಿರು ಕೊಯ್ಯುತ್ತಾರೆ. ಕೋವಿ ಯಾರ ಕೈಗೆ, ಕುಡುಗೋಲು ಯಾರ ಕೈಗೆ ಅನ್ನೋದರಲ್ಲೇ ಅರ್ಧ ಕಥೆ ಇದೆ. ಅಪ್ಪ ಕೋವಿಯನ್ನು ತಮ್ಮನಿಗೆ ಕೊಡಲಿ. ಅಣ್ಣನಿಗೆ ಸುಮ್ನೆ ಟಾರ್ಚ್ ಹಿಡಿಯೋ ಕೆಲಸ. ಎಲ್ಲರೂ ‘ಪೊಲಿ ಪೊಲಿ ದೇವಾ’ (ಹೆಚ್ಚಲಿ, ಹೆಚ್ಚಲಿ ದೇವರೇ) ಎಂದು ಕೂಗುವಾಗ ಕ್ಯಾಮೆರಾ ಅವನ ಮುಚ್ಚಿದ ತುಟಿಯ ಮೇಲಿರಲಿ.

ಅಪ್ಪನನ್ನು ಮಾತ್ರ ಕೆಟ್ಟವನನ್ನಾಗಿ ಮಾಡಬೇಡಿ. ಎಷ್ಟೋ ಅಪ್ಪಂದಿರಿಗೆ ತಾವು ಭೇದ ಮಾಡ್ತಿರೋದು ಗೊತ್ತೇ ಇರಲ್ಲ, ಅಲ್ವಾ? ‘ದೊಡ್ಡವನು, ಅರ್ಥ ಮಾಡ್ಕೋತಾನೆ’ ಅಂದುಕೊಂಡಿರುತ್ತಾರೆ. ಆದರೆ ಇನ್ನೊಂದು ಮಗು ಹುಟ್ಟಿದಾಗ ಹಿರಿಮಗುವಿಗೆ ಸಿಂಹಾಸನ ಕಳಕೊಂಡ ಹಾಗೆ ಆಗುತ್ತದೆ ಎಂದು ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಆಡ್ಲರ್ ಹೇಳಿದ್ದಾರೆ. ತಮ್ಮನೂ ಒಮ್ಮೆ ಅಣ್ಣನ ಕಡೆ ಅಳುಕಿನಿಂದ ನೋಡಲಿ. ಮುದ್ದಿನ ಮಗನಿಗೂ ಅದು ಭಾರವೇ.