ಮ್ಯಾಗಜೀನ್ ತೆಗೆದ ಮೇಲೂ ಪಿಸ್ತೂಲಿನಿಂದ ಗುಂಡು ಹಾರುವುದು ಹೇಗೆ?

ನಳಿಕೆಯ ಹಿಂತುದಿಯ ಗೂಡಿನಲ್ಲಿ, ಅಂದರೆ ಚೇಂಬರಿನಲ್ಲಿ, ಒಂದು ಗುಂಡು ಉಳಿದಿರಬಹುದು. ಟ್ರಿಗರ್ ಒತ್ತಿದರೆ ಅನೇಕ ಪಿಸ್ತೂಲುಗಳಲ್ಲಿ ಅದು ಹಾರಿಯೇ ಹಾರುತ್ತದೆ. ಮ್ಯಾಗಜೀನ್ ಮುಂದಿನ ಗುಂಡುಗಳ ಡಬ್ಬಿಯಷ್ಟೇ. ಹಿಂದೆ ಸರಿದ ಸ್ಲೈಡ್, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ, ಮುಂದೆ ಬರುವಾಗ ಮ್ಯಾಗಜೀನಿನ ಮೇಲ್ತುದಿಯ ಗುಂಡನ್ನು ಚೇಂಬರಿಗೆ ತಳ್ಳುತ್ತದೆ.

ಪಿಸ್ತೂಲನ್ನು ಖಾಲಿ ಮಾಡುವಾಗ ಹೊಸಬರು ಎಡವುವುದು ಇಲ್ಲೇ. ಮೊದಲು ಸ್ಲೈಡ್ ಎಳೆದರೆ ಚೇಂಬರಿನ ಗುಂಡು ಹೊರಬೀಳುತ್ತದೆ, ಕೈಬಿಟ್ಟೊಡನೆ ಇನ್ನೊಂದು ಒಳಸೇರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದು ಏನು ಫಲ?

ನಳಿಕೆ ಸುರಕ್ಷಿತ ದಿಕ್ಕಿಗಿರಲಿ, ಬೆರಳು ಟ್ರಿಗರಿನಿಂದ ದೂರವಿರಲಿ. ಮೊದಲು ಮ್ಯಾಗಜೀನ್ ತೆಗೆಯಿರಿ. ನಂತರ ಸ್ಲೈಡನ್ನು ಎರಡು ಮೂರು ಸಲ ಪೂರ್ತಿ ಎಳೆದು, ತೆರೆದೇ ನಿಲ್ಲಿಸಿ, ಚೇಂಬರನ್ನು ಕಣ್ಣಾರೆ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿ. ಏನೂ ಹೊರಬೀಳದ ಮಾತ್ರಕ್ಕೆ ಖಾಲಿಯೆಂದು ನಂಬಬೇಡಿ: ಗುಂಡನ್ನು ಹೊರಗೆಳೆಯುವ ಕೊಕ್ಕೆ ಸವೆದಿದ್ದರೆ ಅದು ಒಳಗೇ ಉಳಿಯಬಹುದು.