ಓದುಗರ ಪ್ರಶ್ನೆ: ಎಣಿಸಿ ಮುಗಿಸಬಹುದಾದ ಹುಳು

ಪ್ರಶ್ನೆ: ಮನುಷ್ಯನ ಮುಪ್ಪು, ಕಾಯಿಲೆಗಳ ಬಗ್ಗೆ ತಿಳಿಯಲು ಇಲಿ ಇರುವಾಗ ಕಣ್ಣಿಗೆ ಸರಿಯಾಗಿ ಕಾಣದ ದುಂಡುಹುಳು ಏಕೆ ಬೇಕು?

ಉತ್ತರ: ಇಲಿಯ ಜೀವಕೋಶಗಳನ್ನು ಯಾರೂ ಎಣಿಸಿ ಮುಗಿಸಲಾರರು, ಈ ಹುಳುವಿನವನ್ನು ಎಣಿಸಿಯಾಗಿದೆ. ಸಿ. ಎಲೆಗನ್ಸ್ ಎಂಬ ಈ ದುಂಡುಹುಳು ಸುಮಾರು 1 ಮಿಲಿಮೀಟರ್ ಉದ್ದದ್ದು, ಮೈ ಗಾಜಿನಂತೆ ಪಾರದರ್ಶಕ. ಮೊಟ್ಟೆಯಿಂದ ಬೆಳೆಯುವಾಗ ದ್ವಿಲಿಂಗಿ ಹುಳುವಿನಲ್ಲಿ 1090 ದೇಹಕೋಶಗಳು ಹುಟ್ಟುತ್ತವೆ, ಅದರಲ್ಲಿ 131 ಗೊತ್ತಾದ ಹೊತ್ತಿಗೆ ತಾವಾಗಿಯೇ ಸಾಯುತ್ತವೆ. ಉಳಿಯುವುದು 959, ಅವುಗಳಲ್ಲಿ 302 ನರಕೋಶಗಳು. ಹುಳುವಿನಿಂದ ಹುಳುವಿಗೆ ಈ ಲೆಕ್ಕ ತಪ್ಪುವುದಿಲ್ಲ. ಹಾಗಾಗಿ ಸಾಯಬೇಕಾದ ಕೋಶ ಸಾಯದಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ. ಕೋಶದ ಸಾವನ್ನು ನಡೆಸುವ ಜೀನ್‌ಗಳು ಪತ್ತೆಯಾದದ್ದು ಹೀಗೆ. ಅವುಗಳ ಹತ್ತಿರದ ಬಂಧುಗಳು ನಮ್ಮಲ್ಲೂ ಇವೆ, ಕ್ಯಾನ್ಸರಿನಲ್ಲಿ ಕೆಡುವುದೂ ಅವೇ. ಬ್ರೆನ್ನರ್, ಹಾರ್ವಿಟ್ಜ್, ಸಲ್‌ಸ್ಟನ್ ಅವರಿಗೆ 2002ರ ನೊಬೆಲ್ ಬಂದದ್ದು ಈ ಸಾಲಿನ ಕೆಲಸಕ್ಕೆ.

ಆದರೆ ಹುಳುವಿಗೆ ಹೃದಯವಿಲ್ಲ, ರಕ್ತವಿಲ್ಲ, ಮೂಳೆಯಿಲ್ಲ. ಅಂಥ ಪ್ರಶ್ನೆಗಳಿದ್ದರೆ ಇಲಿಯ ಬಳಿಗೇ ಹೋಗಬೇಕು.

ಪ್ರಶ್ನೆ: ಹುಳು ಸಾಕಲು ಎನ್‌ಜಿಎಂ ಅಗರ್ (ಹುಳು ಬೆಳೆಸುವ ಪೋಷಕ ಜೆಲ್ಲಿ) ಮಾಡಿದಾಗಲೆಲ್ಲ ಬಿಳಿಯಾಗಿ ಕದಡುತ್ತದೆ. ಹುಳುಗಳೂ ಅಗರಿನೊಳಗೆ ಹೊಕ್ಕುಬಿಡುತ್ತವೆ.

ಉತ್ತರ: ಕದಡುವುದು ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಬಿಸಿಯಲ್ಲಿ ಒಟ್ಟಿಗೆ ಸೇರಿದ್ದರಿಂದ. ಉಪ್ಪು 3 ಗ್ರಾಂ, ಪೆಪ್ಟೋನ್ 2.5 ಗ್ರಾಂ, ಅಗರ್ 17 ಗ್ರಾಂ, ನೀರು 975 ಮಿ.ಲೀ. ಇಷ್ಟನ್ನು ಮಾತ್ರ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿಶುದ್ಧಿ). 55 ಡಿಗ್ರಿಗೆ ಇಳಿದ ಮೇಲೆ 1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 1 ಮಿ.ಲೀ., ಆಲ್ಕೊಹಾಲಿನಲ್ಲಿ ಕರಗಿಸಿದ ಕೊಲೆಸ್ಟರಾಲ್ (ಮಿ.ಲೀ.ಗೆ 5 ಮಿ.ಗ್ರಾಂ) 1 ಮಿ.ಲೀ., 1 ಮೋಲಾರ್ ಮೆಗ್ನೀಸಿಯಂ ಸಲ್ಫೇಟ್ 1 ಮಿ.ಲೀ., ಕೊನೆಗೆ ಪಿಎಚ್ 6ರ 1 ಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ 25 ಮಿ.ಲೀ. ಹಾಕಿ. ಒಂದೊಂದು ಹಾಕಿದಾಗಲೂ ಚೆನ್ನಾಗಿ ತಿರುಗಿಸಿ. ಕೊಲೆಸ್ಟರಾಲ್ ಬಿಡಬೇಡಿ, ಹುಳು ಅದನ್ನು ತಾನೇ ತಯಾರಿಸಿಕೊಳ್ಳಲಾರದು.

ಹೊಕ್ಕುವುದಕ್ಕೆ ಕಾರಣ ಬಹುಪಾಲು ನಿಮ್ಮ ಕೈಯೇ. ಹುಳು ಎತ್ತುವ ಪ್ಲಾಟಿನಂ ತಂತಿಯ ತುದಿ ಅಗರನ್ನು ಗೀರಿದರೆ ಆ ಬಿರುಕೇ ಹುಳುವಿಗೆ ಬಾಗಿಲು. ತುದಿಯನ್ನು ಚಪ್ಪಟೆ ಮಾಡಿ, ಅಂಚು ನುಣುಪಾಗಿಸಿ, ಹುಳುವಿನ ಆಹಾರವಾದ ಒಪಿ50 ಬ್ಯಾಕ್ಟೀರಿಯ ಸ್ವಲ್ಪ ಅಂಟಿಸಿಕೊಂಡು ಹುಳುವಿನ ಮೇಲೆ ಮೆಲ್ಲಗೆ ತಾಗಿಸಿದರೆ ಅದು ತಾನಾಗಿ ಅಂಟಿ ಬರುತ್ತದೆ.

ಪ್ರಶ್ನೆ: ಹುಳುಗಳನ್ನು ಬ್ಲೀಚ್‌ನಲ್ಲಿ ಕರಗಿಸಿ ತೆಗೆದ ಮೊಟ್ಟೆಗಳು ಒಂದೂ ಒಡೆದು ಮರಿಯಾಗಲಿಲ್ಲ.

ಉತ್ತರ: ಹೊತ್ತು ಮೀರಿರಬೇಕು. ಹುಳುವಿನ ಮೈ ಕರಗಿ, ಗಟ್ಟಿ ಚಿಪ್ಪಿನ ಮೊಟ್ಟೆ ಮಾತ್ರ ಉಳಿಯಲಿ ಎಂಬುದೇ ಈ ಉಪಾಯ. ಆದರೆ ಚಿಪ್ಪೂ ಹೆಚ್ಚು ಹೊತ್ತು ತಾಳದು. ನೀರಿನಲ್ಲಿರುವ 3.5 ಮಿ.ಲೀ. ಹುಳುಗಳಿಗೆ, ಆಗಷ್ಟೇ ಬೆರೆಸಿದ 5 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ 0.5 ಮಿ.ಲೀ. ಮತ್ತು ಬ್ಲೀಚ್ 1 ಮಿ.ಲೀ. ಸೇರಿಸಿ, ಕೈಗವಸು ಇರಲಿ. ಎರಡೆರಡು ನಿಮಿಷಕ್ಕೊಮ್ಮೆ ಅಲುಗಿಸುತ್ತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರಿ. ಮೈಗಳು ಒಡೆದೊಡನೆ ನಿಲ್ಲಿಸಿ, ಒಟ್ಟು 10 ನಿಮಿಷ ದಾಟಬೇಡಿ. ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ಸುತ್ತಿಸಿ ಮೊಟ್ಟೆ ತಳಕ್ಕಿಳಿಸಿ) ದ್ರವ ಚೆಲ್ಲಿ, ಬ್ಲೀಚ್ ವಾಸನೆ ಹೋಗುವವರೆಗೆ ತೊಳೆಯಿರಿ. ಹಳೆಯ ಬ್ಲೀಚ್ ಇಲ್ಲಿ ದೊಡ್ಡ ಮೋಸ: ಬಲ ಕಳೆದುಕೊಂಡಿರುವುದರಿಂದ ಮೈ ಕರಗುವುದಿಲ್ಲ, ಕಾಯುತ್ತ ಕೂತರೆ ಮೊಟ್ಟೆಗಳು ಸಾಯುತ್ತವೆ.

ತೊಳೆದ ಮೊಟ್ಟೆಗಳನ್ನು ಆಹಾರವಿಲ್ಲದ ಎಂ9 ಬಫರ್ ಎಂಬ ಲವಣದ ದ್ರಾವಣದಲ್ಲಿ ರಾತ್ರಿಯಿಡೀ ಮೆಲ್ಲಗೆ ಅಲುಗಾಡಿಸುತ್ತ ಬಿಡಿ. ಒಡೆದ ಮರಿಗಳು ಹಸಿವಿನಿಂದ ಮೊದಲ ಹಂತದಲ್ಲೇ ನಿಲ್ಲುತ್ತವೆ. ಬ್ಯಾಕ್ಟೀರಿಯ ಕೊಟ್ಟ ಗಳಿಗೆಯಿಂದ ಎಲ್ಲವೂ ಒಟ್ಟಿಗೆ ಬೆಳೆದು, 20 ಡಿಗ್ರಿಯಲ್ಲಿ ಸುಮಾರು 3 ದಿನಕ್ಕೆ ಮೊಟ್ಟೆಯಿಡಲು ತೊಡಗುತ್ತವೆ.